ಎಡಚಿಯ ಹೆಬ್ಬೆಟ್ಟು

ಬೆಳಿಗ್ಗೆ ಎಂಟಕ್ಕೆ, ಮಣ್ಣಿನ ಪಾತ್ರೆ ಮಾಡುವ ಸ್ಟುಡಿಯೋದ ಹಿಂಬಾಗಿಲಿನಲ್ಲಿ ಸಾಲು ನಿಲ್ಲುತ್ತಿತ್ತು. ಗೋಡೆಯ ಮೇಲೆ ಅಂಗೈಯಗಲದ ಒಂದು ಯಂತ್ರ. ಅದರ ಗಾಜಿಗೆ ಬೆರಳು ಒತ್ತಿದರೆ ಹಸಿರು ದೀಪ ಹತ್ತಬೇಕು. ಹತ್ತಿದರೆ ನೀನು ಬಂದಿದ್ದೀಯ. ಹತ್ತದಿದ್ದರೆ, ಅದರ ಮುಂದೆಯೇ ಉಸಿರಾಡುತ್ತ ನಿಂತಿದ್ದರೂ ನೀನು ಬಂದಿಲ್ಲ.

ಅಕ್ಕ ಕಿರುಬೆರಳು ಒತ್ತುತ್ತಿದ್ದಳು. ತಿಗರಿಯ ಮೇಲೆ ಮಣ್ಣು ಎತ್ತುವಾಗ ಒಂಬತ್ತು ಬೆರಳು ದುಡಿಯುತ್ತವೆ. ಬಲಗೈಯ ಕಿರುಬೆರಳೊಂದು ಮಾತ್ರ ಮೇಲಕ್ಕೆದ್ದು ನಿಂತು ತಮಾಷೆ ನೋಡುತ್ತಿರುತ್ತದೆ. ಆ ಸೋಮಾರಿ ಬೆರಳಿನಲ್ಲಷ್ಟೇ ಗೆರೆ ಉಳಿದಿತ್ತು. ಮೂವತ್ತು ವರ್ಷ ತಿಗರಿಯ ಮುಂದೆ ಕೂತವಳ ಗುರುತು ದುಡಿಯದ ಬೆರಳಿನಲ್ಲಿ. ಯಂತ್ರಕ್ಕೆ ಅಷ್ಟೇ ಸಾಕಾಗಿತ್ತು.

ಅವಳ ತಂಗಿಗೆ ಅಂಥದೊಂದು ಬೆರಳೂ ಇರಲಿಲ್ಲ. ಹುಟ್ಟಿದಾಗಿನಿಂದ ಎಡಗೈ ಬಳಸುವವಳಾದ್ದರಿಂದ ಮನೆಯಲ್ಲೂ ಕೆಲಸದ ಶೆಡ್ಡಿನಲ್ಲೂ ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು. ಅಕ್ಕ ತಿರುಗಿಸಿ ಇಳಿಸಿದ ಕಪ್ಪಿಗೆ ಹಿಡಿಕೆ ಅಂಟಿಸುವುದು ಎಡಚಿಯ ಕೆಲಸ. ಮಣ್ಣನ್ನು ಬೆರಳಿನಷ್ಟು ದಪ್ಪ ಹೊಸೆಯಬೇಕು. ಕಿವಿಯ ಹಾಗೆ ಬಗ್ಗಿಸಬೇಕು. ತೆಳುಮಣ್ಣು ಬಳಿದು ಕಪ್ಪಿಗೆ ಕೂರಿಸಬೇಕು. ಹಿಡಿಕೆಯ ಬುಡವನ್ನು ಹೆಬ್ಬೆಟ್ಟಿನಿಂದ ಗಟ್ಟಿಯಾಗಿ ಒತ್ತಬೇಕು. ಆಮೇಲೆ ಒದ್ದೆ ಸ್ಪಂಜಿನಿಂದ ಒರೆಸಬೇಕು. ದಿನಕ್ಕೆ ಮುನ್ನೂರು. ಒಣಗಿದ ಮೇಲೆ ಆ ಮುನ್ನೂರನ್ನೂ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವವಳೂ ಅವಳೇ. ಉಜ್ಜಿದ ಧೂಳು ಬಿಳಿಯಾಗಿ ಏಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಡಚಿಯ ಹುಬ್ಬು ನರೆತಿರುತ್ತಿತ್ತು.

"ಒರೆಸಮ್ಮ, ಸರಿಯಾಗಿ ಒರೆಸು" ಎಂದು ಮೇಸ್ತ್ರಿ ಇಪ್ಪತ್ತೆರಡು ವರ್ಷದಿಂದ ಅವಳ ತಲೆ ಮೇಲೆ ನಿಂತಿದ್ದ. "ಕಪ್ ಕೊಳ್ಳೋಕೆ ಬರೋರು ನಿನ್ನ ಹೆಬ್ಬೆಟ್ಟು ಕೊಳ್ಳೋಕೆ ಬರ್ತಾರಾ?"

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳಿಗೆ ಒರೆಸುವುದು ಮರೆತುಹೋಗುತ್ತಿತ್ತು. ಒಂದು ದಿನ ಮೇಸ್ತ್ರಿ ಇಡೀ ಹಲಗೆಯ ಹಸಿ ಕಪ್ಪುಗಳನ್ನು ನೀರಿನ ತೊಟ್ಟಿಗೆ ದಬ್ಬಿ, ಅವಳ ಕೈಯಿಂದಲೇ ಕಲಸಿಸಿ ಮತ್ತೆ ಮಣ್ಣು ಮಾಡಿಸಿದ. ಆಮೇಲೆ ಅವಳು ಮರೆಯಲಿಲ್ಲ. ಮಣ್ಣಿನ ಮೇಲಿನ ಗುರುತನ್ನು ಅವಳು ಒರೆಸುತ್ತ ಹೋದಳು. ಅವಳ ಬೆರಳಿನ ಗುರುತನ್ನು ಮಣ್ಣು ಒರೆಸುತ್ತ ಹೋಯಿತು.

ಎರಡು ವರ್ಷದ ಹಿಂದೆ ಯಂತ್ರ ಬಂತು. ಆಫೀಸಿನ ಸಾಹೇಬರು ಎಡಚಿಯ ಹತ್ತು ಬೆರಳನ್ನೂ ಒಂದೊಂದಾಗಿ ಗಾಜಿಗೆ ಒತ್ತಿಸಿದರು. ಹತ್ತಕ್ಕೆ ಹತ್ತೂ ಕೆಂಪು.

"ಇವಳು ಯಾರೂ ಅಲ್ಲ ಅಂತಿದೆ ಯಂತ್ರ" ಎಂದರು ಸಾಹೇಬರು.

"ನಮ್ಮತ್ತೆ ಬದುಕಿದ್ದಾಗ ದಿನಾ ಇದನ್ನೇ ಹೇಳ್ತಿದ್ಲು ಸಾಹೇಬ್ರೇ, ಕರೆಂಟೂ ಇಲ್ದೆ" ಎಂದಳು ಎಡಚಿ. ಸಾಲಿಗೆ ಸಾಲೇ ನಕ್ಕಿತು. ಸಾಹೇಬರೂ ನಕ್ಕರು.

ಆಗ ಅಕ್ಕ ಬಾಯಿ ಹಾಕಿದಳು. "ಒಂದೇ ಮನೆ, ಒಂದೇ ಒಲೆ ನಮ್ದು. ಅವಳದ್ದನ್ನೂ ನನ್ನ ಹೆಸರಿಗೇ ಸೇರಿಸಿ ಬರ್ಕೊಳ್ಳಿ. ನನ್ನ ಬೆರಳೇ ಇಬ್ಬರದ್ದೂ ಅಂದ್ಕೊಳ್ಳಿ."

ಸಾಹೇಬರಿಗೆ ತಲೆನೋವು ಇಳಿಯಿತು. ಅಕ್ಕನಿಗೆ ತಾನು ಜಾಣೆ ಎನಿಸಿತು. ಅಂದಿನಿಂದ ಇಬ್ಬರ ಸಂಬಳವೂ ಅಕ್ಕನ ಕೈಗೇ ಬಂತು. ಹಳೆಯ ಹಾಜರಿ ಪುಸ್ತಕಗಳು ಅದೇ ವಾರ ಭಟ್ಟಿ ಹೊತ್ತಿಸಲು ಹೋದವು. ಎಡಚಿ ಅಂಟಿಸಿದ ಕಪ್ಪುಗಳೇ ಆ ಬೆಂಕಿಯಲ್ಲಿ ಬೆಂದವು. ಆಗ ಯಾರ ತಲೆಗೂ ಏನೂ ಹೊಳೆಯಲಿಲ್ಲ. ಅಕ್ಕ ಈಗಲೂ ಆ ದಿನ ನೆನೆದಾಗ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಾಳೆ.

ಎಡಚಿಯ ಮಗಳ ಮದುವೆ ಗೊತ್ತಾದಾಗ ಅವಳ ಕೆಮ್ಮಿಗೆ ಒಂದು ವರ್ಷ ತುಂಬಿತ್ತು. ಮದುವೆಯ ಹಿಂದಿನ ದಿನವೂ ಅವಳು ಕೆಲಸಕ್ಕೆ ಹೋದಳು. ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತಳು. ಮದುವೆಯ ಬೆಳಿಗ್ಗೆ ಅಕ್ಕ ಅವಳನ್ನು ಮುಂದೆ ಕೂರಿಸಿಕೊಂಡು ಉಗುರಿನ ಸಂದಿಯ ಮಣ್ಣನ್ನು ಸೂಜಿಯಿಂದ ತೆಗೆದಳು.

"ಬೀಗರು ಕೈ ನೋಡ್ತಾರೆ ಕಣೇ."

"ನೋಡ್ಲಿ ಬಿಡಕ್ಕಾ. ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಯಂತ್ರಾನೇ ಹೇಳಿದೆ."

ಮದುವೆ ಮುಗಿದು ಎಲ್ಲರೂ ಗಂಡಿನ ಮನೆಗೆ ಹೋದರು. ಬೀಗಿತ್ತಿ ಗಾಜಿನ ಬೀರು ತೆರೆದು ಕಪ್ಪುಗಳನ್ನು ಹೊರಗಿಟ್ಟಳು. ಒಂದೊಂದನ್ನೂ ಬಟ್ಟೆಯಿಂದ ಒರೆಸಿದಳು. "ಇವು ಆ ದೊಡ್ಡ ಸ್ಟುಡಿಯೋದವು. ಅಲ್ಲಿನ ಮೇಡಂ ತಮ್ಮ ಕೈಯಾರೆ ಮಾಡಿದ್ದಂತೆ. ಈ ಮನೆ ಕಟ್ಟಿದಾಗ ತಂದದ್ದು. ಇಪ್ಪತ್ತು ವರ್ಷ ಆಯ್ತು, ಒಂದೂ ಒಡೆದಿಲ್ಲ ನೋಡಿ."

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಅಕ್ಕನ ಮುಖ ನೋಡಿದಳು. ಸ್ಟುಡಿಯೋದ ಒಡತಿಯಾದ ಮೇಡಂ ಮಣ್ಣು ಮುಟ್ಟುವುದು ಫೋಟೋದವರು ಬಂದಾಗ ಮಾತ್ರ. ಆದರೆ ಹೆಣ್ಣು ಕೊಟ್ಟ ಮನೆಯಲ್ಲಿ ಮೊದಲ ದಿನವೇ ಬಾಯಿ ಬಿಡುವುದುಂಟೇ? ಇಬ್ಬರೂ ಹಲ್ಲು ಕಚ್ಚಿ ಚಹಾ ಕುಡಿದರು.

ಚಹಾದ ನಡುವೆ ಎಡಚಿಗೆ ಕೆಮ್ಮು ಬಂತು. ತಡೆದಳು. ತಡೆದಷ್ಟೂ ಹೆಚ್ಚಾಯಿತು. ಎದೆಯೊಳಗೆ ಒಡೆದ ಮಡಕೆಯ ಬೋಕಿ ಉಜ್ಜಿದಂಥ ಸದ್ದು. ಪಕ್ಕದಲ್ಲಿ ಕೂತಿದ್ದವಳು ತನ್ನ ಮಗುವನ್ನು ಎತ್ತಿಕೊಂಡು ಎದ್ದುಹೋದಳು. ಬೀಗಿತ್ತಿ ಅಡುಗೆಮನೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆಯೇ, "ಅವ್ರು ಕುಡಿದ ಕಪ್ ಬೇರೆ ಇಡಿ" ಎಂದಳು.

ಹೊರಡುವಾಗ ಆ ಕಪ್ಪನ್ನು ಹಳೆ ಕಾಗದದಲ್ಲಿ ಸುತ್ತಿ ಅಕ್ಕನ ಕೈಗಿಟ್ಟಳು. "ಇದನ್ನ ನೀವೇ ಇಟ್ಕೊಂಡುಬಿಡಿ. ತಪ್ಪು ತಿಳ್ಕೋಬೇಡಿ. ನಾಳೆ ಮನೇಲಿ ಮಕ್ಕಳು ಮರಿ ಆಗ್ತವೆ."

"ಇದರಲ್ಲಿ ತಪ್ಪು ತಿಳ್ಕೊಳ್ಳೋದೇನಿದೆ?" ಎಂದು ಎಡಚಿ ನಕ್ಕಳು. ಬಾಗಿಲ ಬಳಿ ನಿಂತಿದ್ದ ಅವಳ ಮಗಳು ತಲೆ ಎತ್ತಲಿಲ್ಲ. ಬೆಳಿಗ್ಗೆಯಷ್ಟೇ ಆ ಮನೆಯವಳಾಗಿದ್ದಳು, ಪಾಪ.

ಮನೆಗೆ ಬಂದು ಅಕ್ಕ ಆ ಕಪ್ಪನ್ನು ತೊಳೆದಳು. ಸಿಟ್ಟಿಗೆ ಅದನ್ನು ಗೋಡೆಗೆ ಹೊಡೆಯುವವಳಿದ್ದಳು. ಹಿಡಿಕೆಯ ಬುಡದಲ್ಲಿ ಅವಳ ಕಿರುಬೆರಳು ಒಂದು ತಗ್ಗಿಗೆ ಹೋಗಿ ಕೂತಿತು. ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಹೆಬ್ಬೆಟ್ಟಿನ ಗುರುತು. ಹೊಳಪಿನ ಕೆಳಗೆ ಗೆರೆ ಗೆರೆಯಾಗಿ, ಬಾಚಣಿಗೆ ಎಳೆದ ಹಾಗೆ ಸ್ಪಷ್ಟವಾಗಿತ್ತು. ಬಲಗೈಯವರು ಒತ್ತಿದರೆ ಗುರುತು ಒಂದು ಕಡೆ ವಾಲುತ್ತದೆ. ಇದು ಇನ್ನೊಂದು ಕಡೆ ವಾಲಿತ್ತು. ಇಡೀ ಶೆಡ್ಡಿನಲ್ಲಿ ಹಾಗೆ ಒತ್ತುವ ಕೈ ಒಂದೇ ಒಂದು.

"ಏ, ಬಾರೇ ಇಲ್ಲಿ. ನೀನು ಒರೆಸದೆ ಬಿಟ್ಟಿದ್ದು!"

ಎಡಚಿ ಗೋಡೆ ಹಿಡಿದುಕೊಂಡು ಬಂದು ನೋಡಿದಳು. ಆ ಗುರುತಿನ ಮೇಲೆ ತನ್ನ ಎಡಗೈಯ ಹೆಬ್ಬೆಟ್ಟಿಟ್ಟಳು. ಸರಿಯಾಗಿ ಕೂತಿತು. "ಹೋಗ್ಲಿ ಬಿಡು, ನನ್ನ ಎಂಜಲು ನನ್ನ ಕಪ್ಪಿಗೇ ಆಯ್ತಲ್ಲ" ಎಂದಳು.

ಆ ವಾರವೇ ಅವಳು ಹಾಸಿಗೆ ಹಿಡಿದಳು. ಕೆಲಸಗಾರರ ಆಸ್ಪತ್ರೆಯ ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಣ್ಣಿನೊಳಗಿನ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾಗಿ ಕೂತಿತ್ತು. "ಇದು ಯಾರಿಗೂ ಅಂಟೋ ರೋಗ ಅಲ್ಲ, ಕೆಲಸದಿಂದ ಬಂದದ್ದು. ಇನ್ನು ವಾಸಿ ಆಗಲ್ಲ. ಆದ್ರೆ ಮನೇಲಿ ಇಟ್ಕೊಳ್ಳೋಕೆ ಉಸಿರಾಟದ ಯಂತ್ರ ಕೊಡ್ತೀವಿ. ಒಂದಷ್ಟು ವರ್ಷ ನೋವಿಲ್ದೆ ಬದುಕ್ತಾರೆ. ಕೆಲಸಗಾರರ ಕಾರ್ಡು ತನ್ನಿ."

ಕಾರ್ಡು ಕೊಡಬೇಕಾದದ್ದು ಸ್ಟುಡಿಯೋದ ಆಫೀಸು. ಅಕ್ಕ ತಂಗಿಯನ್ನು ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋದಳು. ಸಾಹೇಬರು ಕಂಪ್ಯೂಟರಿನಲ್ಲಿ ಹುಡುಕಿದರು. ಮೇಲೆ ಹುಡುಕಿದರು, ಕೆಳಗೆ ಹುಡುಕಿದರು.

"ನಿನ್ನ ತಂಗಿ ಇಲ್ಲಿ ಕೆಲಸಾನೇ ಮಾಡಿಲ್ವಲ್ಲಮ್ಮ."

"ಸಾಹೇಬ್ರೇ! ದಿನಾ ನಿಮ್ಮ ಕಣ್ಣೆದುರಿಗೇ ಓಡಾಡಿದ್ದಾಳೆ. ನೀವು ಕುಡಿಯೋ ಕಪ್ಪಿನ ಹಿಡಿಕೆ ಅವಳದ್ದು."

"ನಂಗೆ ಗೊತ್ತಮ್ಮ. ನಾನು ನೋಡಿದ್ದೀನಿ. ನಾನು ನೋಡಿದ್ದು ಲೆಕ್ಕಕ್ಕೆ ಬರಲ್ಲ. ಯಂತ್ರ ನೋಡಿರಬೇಕು."

ಮೇಸ್ತ್ರಿಯನ್ನು ಕರೆಸಿದರು. ಇಪ್ಪತ್ತೆರಡು ವರ್ಷ ತಲೆ ಮೇಲೆ ನಿಂತಿದ್ದ ಮೇಸ್ತ್ರಿ ನೆಲ ನೋಡಿದ. "ಅಕ್ಕನ ಜೊತೆ ಬರ್ತಿದ್ಲು ಸಾಹೇಬ್ರೇ. ಆಗಾಗ ಕೈಜೋಡಿಸ್ತಿದ್ಲು" ಎಂದ. ಅವನಿಗೂ ಹೆಂಡತಿ ಮಕ್ಕಳಿದ್ದರು. ಅಕ್ಕನಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಿಲ್ಲ. ಕಾರ್ಡು ಬೇಕಿತ್ತು.

ಅವಳು ಕಾಗದ ಬಿಚ್ಚಿ ಕಪ್ಪನ್ನು ಮೇಜಿನ ಮೇಲಿಟ್ಟಳು. "ಇಲ್ಲಿ ನೋಡಿ. ಇದು ಅವಳ ಹೆಬ್ಬೆಟ್ಟು. ಬೆಂಕೀಲಿ ಸುಟ್ಟಿದ್ದು. ಇದಕ್ಕಿಂತ ಹಾಜರಿ ಬೇಕಾ?"

ಸಾಹೇಬರು ಕನ್ನಡಕ ಮೇಲೇರಿಸಿ ಕಪ್ ನೋಡಿದರು. ಎಡಚಿಯ ಹೆಬ್ಬೆಟ್ಟು ಹಿಡಿದು ನೋಡಿದರು. ಕೆಟ್ಟ ಮನುಷ್ಯನೇನಲ್ಲ, ನಿಧಾನವಾಗಿಯೇ ನೋಡಿದರು. "ಕಪ್ಪಲ್ಲಿ ಗೆರೆ ಇದೆ. ಬೆರಳಲ್ಲಿ ಗೆರೆ ಇಲ್ಲ. ಇವೆರಡೂ ಒಂದೇ ಅಂತ ನಾನು ಹೇಗೆ ಬರೀಲಿ ನೀನೇ ಹೇಳು?"

ಅಕ್ಕ ಕಪ್ಪನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. ತಂಗಿಯನ್ನು ಹೇಗೆ ಕರೆತಂದಿದ್ದಳೋ ಹಾಗೆಯೇ ವಾಪಸ್ ಕರೆದುಕೊಂಡು ಹೋದಳು. ಗಾಡಿಯಲ್ಲಿ ಎಡಚಿ ತನ್ನ ಅಂಗೈಗಳನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತ ಕೂತಳು.

ಎರಡು ತಿಂಗಳು ಹಾಸಿಗೆಯಲ್ಲೇ ಕಳೆದವು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಕೂತೇ ನಿದ್ದೆ. ಅಕ್ಕ ಬೆಳಿಗ್ಗೆ ಅವಳ ಮುಖ ತೊಳೆಸಿ, ಗಂಜಿ ಕುಡಿಸಿ, ಎಂಟಕ್ಕೆ ಯಂತ್ರಕ್ಕೆ ಕಿರುಬೆರಳು ಒತ್ತಿ, ಸಂಜೆ ಓಡಿಬರುತ್ತಿದ್ದಳು. ಒಂದು ಭಾನುವಾರ ಮಗಳು ಗಂಡನ ಮನೆಯಿಂದ ಬಂದಳು. ಬಸುರಿಯಾದ ಸುದ್ದಿ ತಂದಿದ್ದಳು. ಬಹಳ ದಿನದ ಮೇಲೆ ಮನೆಯಲ್ಲಿ ನಗು ಕೇಳಿಸಿತು. ಮಗಳು ತಾಯಿಯ ಕೈಗೆ ಎಣ್ಣೆ ಹಚ್ಚಲು ಕೂತವಳು ಥಟ್ಟನೆ ನಿಲ್ಲಿಸಿದಳು.

"ದೊಡ್ಡಮ್ಮಾ, ಇಲ್ಲಿ ಬಾ. ಅಮ್ಮನ ಬೆರಳಲ್ಲಿ ಗೆರೆ ಬಂದಿದೆ!"

ಹೌದು, ಬಂದಿತ್ತು. ಮಣ್ಣು ಬಿಟ್ಟ ಬೆರಳಿನಲ್ಲಿ ಹೊಸ ಚರ್ಮ ಹುಟ್ಟಿತ್ತು. ಅದರ ಮೇಲೆ ಹಳೆಯ ಗೆರೆಗಳೇ ಮತ್ತೆ ಮೂಡಿದ್ದವು. ಅಕ್ಕ ಓಡಿಹೋಗಿ ಕಪ್ ತಂದಳು. ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ನಡುವಿನ ಸುಳಿ ಅದೇ. ಸುಳಿಯ ಪಕ್ಕ ಎರಡಾಗಿ ಒಡೆದ ಗೆರೆಯೂ ಅದೇ. ಎಡಚಿ ಅತ್ತಳು. ಅಕ್ಕನೂ ಅತ್ತಳು. ಮಗಳು ಇಬ್ಬರನ್ನೂ ಬೈಯುತ್ತ ಅತ್ತಳು.

ಸೋಮವಾರ ಮೂವರೂ ಆಫೀಸಿಗೆ ಹೋದರು. ಅಂದು ಮೇಡಂ ಕೂಡ ಅಲ್ಲಿದ್ದರು. ಸಾಹೇಬರು ಭೂತಗನ್ನಡಿ ತರಿಸಿ ಕಪ್ ನೋಡಿದರು, ಬೆರಳು ನೋಡಿದರು. "ಎರಡೂ ಒಂದೇ" ಎಂದರು. ಎಡಚಿಯ ಹೆಬ್ಬೆಟ್ಟನ್ನು ಯಂತ್ರಕ್ಕೆ ಒತ್ತಿಸಿ, ಕಂಪ್ಯೂಟರಿನಲ್ಲಿ ಅವಳ ಹೆಸರು ಸೇರಿಸಿದರು. ಮತ್ತೊಮ್ಮೆ ಒತ್ತಿಸಿದರು. ಹಸಿರು ದೀಪ ಹತ್ತಿತು. ಅಕ್ಕನ ಕಣ್ಣಿಗೆ ಅಷ್ಟು ಚಂದದ ಬಣ್ಣ ಅದುವರೆಗೆ ಬಿದ್ದಿರಲಿಲ್ಲ.

"ಕಾರ್ಡು ಸಾಹೇಬ್ರೇ?"

"ಒಂದು ವರ್ಷದ ಹಾಜರಿ ಇದ್ದೋರಿಗೆ ಕಾರ್ಡು. ಇವ್ರದ್ದು ಇವತ್ತು ಶುರುವಾಯ್ತು. ಇದು ಮೊದಲನೇ ದಿನ."

"ಇಪ್ಪತ್ತೆರಡು ವರ್ಷ ಸಾಹೇಬ್ರೇ! ಈಗ ತಾನೆ ನೀವೇ ಎರಡೂ ಒಂದೇ ಅಂದ್ರಲ್ಲ!"

"ಒಂದೇ. ಆದ್ರೆ ಕಪ್ಪಿನ ಮೇಲೆ ತಾರೀಕಿಲ್ಲವಲ್ಲಮ್ಮ. ನನ್ನ ಕೈಲಾದದ್ದು ಇಷ್ಟೇ. ನಾಳೆಯಿಂದ ಎಂಟಕ್ಕೆ ಬರ್ಲಿ. ತಪ್ಪಿಸಿದ್ರೆ ಮತ್ತೆ ಮೊದಲಿಂದ."

ಅಷ್ಟು ಹೊತ್ತಿಗೆ ಮೇಡಂ ಕಪ್ಪನ್ನು ಕೈಗೆತ್ತಿಕೊಂಡಿದ್ದರು. ಅವರ ಕಣ್ಣು ಅರಳಿತ್ತು. "ಅಯ್ಯೋ, ಇದು ನನ್ನ ಹಳೇ ಕೆಲಸ! ಎಲ್ಲಿ ಸಿಕ್ತು ಇದು? ಈ ಬೆರಳ ಗುರುತು ನೋಡಿ, ಎಷ್ಟು ಜೀವ ಇದೆ ಇದರಲ್ಲಿ. ಮುಂದಿನ ಗಾಜಿನ ಕಪಾಟಲ್ಲಿ ಇಡ್ಸಿ ಇದನ್ನ."

ಅಕ್ಕನ ತಲೆಯೊಳಗೆ ಏನೋ ಕಿತ್ತುಹೋಯಿತು. ಮೂವತ್ತು ವರ್ಷದಲ್ಲಿ ಅವಳು ಮೇಡಂ ಮುಂದೆ ಸೊಂಟ ನೆಟ್ಟಗೆ ಮಾಡಿ ನಿಂತವಳಲ್ಲ. ಈಗ ಕೈ ಚಾಚಿ ಕಪ್ಪನ್ನು ಅವರ ಬೆರಳುಗಳಿಂದ ಕಿತ್ತುಕೊಂಡಳು. "ಇದು ನಿಮ್ದಲ್ಲ" ಎಂದಳು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮೇಡಂ ತಮ್ಮ ಖಾಲಿ ಕೈ ನೋಡಿಕೊಂಡು, "ಇರ್ಲಿ ಬಿಡಿ, ಪಾಪ" ಎಂದರು. ಆ ಪಾಪ ಎನ್ನುವ ಮಾತು ಅಕ್ಕನಿಗೆ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು ಉರಿಯಿತು.

ಮನೆಯಲ್ಲಿ ಮಗಳು ಕೆಲಸಕ್ಕೆ ಹೋಗುವುದು ಬೇಡವೆಂದು ಕಾಲು ಹಿಡಿದಳು. ಅಕ್ಕನೂ ಬೇಡವೆಂದಳು. ಎಡಚಿ ಕೇಳಲಿಲ್ಲ. "ಇಲ್ಲಿ ಕೂತು ಸಾಯೋದನ್ನ ಅಲ್ಲಿ ಕೂತು ಸಾಯ್ತೀನಿ. ನಾನು ಬಂದಿದ್ದೀನಿ ಅಂತ ಆ ಯಂತ್ರ ಹೇಳೋದನ್ನ ದಿನಾ ನೋಡ್ಬೇಕು ನಾನು."

ಮಾರನೆಯ ದಿನ ಅಕ್ಕ ಅವಳನ್ನು ತೋಳಿನಲ್ಲಿ ಎತ್ತಿಕೊಂಡಂತೆಯೇ ಸಾಲಿಗೆ ತಂದಳು. ಎಡಚಿ ಹೆಬ್ಬೆಟ್ಟು ಒತ್ತಿದಳು. ಹಸಿರು. ತನ್ನ ಹಳೆಯ ಬೆಂಚಿನಲ್ಲಿ ಹೋಗಿ ಕೂತಳು. ಮುಂದೆ ಹಲಗೆಯ ತುಂಬ ಹಿಡಿಕೆಯಿಲ್ಲದ ಕಪ್ಪುಗಳು. ಪಕ್ಕದಲ್ಲಿ ತೆಳುಮಣ್ಣಿನ ಬೋಗುಣಿ, ಒದ್ದೆ ಸ್ಪಂಜು. ಎಡಚಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಕೈ ಎತ್ತಲಿಲ್ಲ.

ಮೇಸ್ತ್ರಿ ಬಂದ. ಸ್ಪಂಜನ್ನು ಎತ್ತಿ ಅವಳ ಕೈಗೆ ತುರುಕಿದ. "ಏನಮ್ಮ, ನೆಂಟರ ಮನೆಗೆ ಬಂದಿದ್ದೀಯಾ? ಕೈ ಆಡ್ಸು."

ಎಡಚಿ ಸ್ಪಂಜನ್ನು ನೆಲಕ್ಕೆ ಬಿಟ್ಟಳು.

"ಮುಟ್ಟಲ್ಲ."

"ಏನಂದೆ?"

"ಮಣ್ಣು ಮುಟ್ಟಲ್ಲ ಅಂದೆ." ಒಂದೊಂದು ಮಾತಿಗೂ ಅವಳು ಉಸಿರು ಎಳೆದುಕೊಳ್ಳಬೇಕಿತ್ತು. ಎಳೆದುಕೊಂಡೇ ಹೇಳಿದಳು. "ಇಪ್ಪತ್ತೆರಡು ವರ್ಷ ಮುಟ್ಟಿದೆ. ಬಂದೇ ಇಲ್ಲ ಅಂದ್ರಿ. ಎರಡು ತಿಂಗಳು ಮುಟ್ಲಿಲ್ಲ. ಬಂದಿದ್ದೀಯ ಅಂತಿದೆ ನಿಮ್ಮ ಯಂತ್ರ. ಮುಟ್ಟಿದ್ರೆ ಮತ್ತೆ ನಾನು ಯಾರೂ ಅಲ್ಲ. ಅದಕ್ಕೇ ಮುಟ್ಟಲ್ಲ. ಹೋಗಿ ಹೇಳು ನಿನ್ನ ಸಾಹೇಬ್ರಿಗೆ."

ಶೆಡ್ಡಿನ ತಿಗರಿಗಳೆಲ್ಲ ಒಂದೊಂದಾಗಿ ನಿಂತವು. ಯಾರೂ ಎದ್ದು ಅವಳ ಪಕ್ಕಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೂಲೆಯ ತಿಗರಿಯೊಂದು ಮತ್ತೆ ತಿರುಗತೊಡಗಿತು. ಆಮೇಲೆ ಇನ್ನೊಂದು. ಅಕ್ಕ ಯಾರನ್ನೂ ಬೈಯಲಿಲ್ಲ. ಅವಳ ತಿಗರಿಯ ಮೇಲೂ ಮಣ್ಣು ಕಾಯುತ್ತಿತ್ತು. ಒಲೆ ಉರಿಯಬೇಕಲ್ಲ, ಅವಳೂ ಕಾಲಿನಿಂದ ತಿಗರಿಯ ಗುಂಡಿ ಒತ್ತಿದಳು.

ಸಾಹೇಬರ ಬಳಿ ಅದಕ್ಕೂ ಒಂದು ನಿಯಮವಿತ್ತು. ಯಂತ್ರ ಹಾಜರಿ ಹಾಕಿದವರನ್ನು ಹಾಗೆಲ್ಲ ಎಬ್ಬಿಸಿ ಕಳಿಸುವಂತಿಲ್ಲ. ಮೂರು ನೋಟೀಸು ಕೊಡಬೇಕು, ವಾರಕ್ಕೊಂದರಂತೆ. ಮೊದಲ ನೋಟೀಸು ಅಂದೇ ಸಂಜೆ ಬಂತು. ಅದನ್ನು ಪಡೆದದ್ದಕ್ಕೆ ಹೆಬ್ಬೆಟ್ಟು ಒತ್ತಬೇಕೆಂದರು. ಎಡಚಿ ಶಾಯಿ ಹಚ್ಚಿ ಒತ್ತಿದಳು. ಗೆರೆಗಳು ಮುದ್ದಾಗಿ ಮೂಡಿದವು. ಅವಳು ಆ ಕಾಗದವನ್ನು ಮೇಸ್ತ್ರಿಯ ಮುಖಕ್ಕೆ ಹಿಡಿದು, "ಒರೆಸ್ಲಾ?" ಎಂದಳು. ನಗಲು ಹೋಗಿ ಕೆಮ್ಮಿದಳು. ಕಾಗದದ ಮೇಲೆ ರಕ್ತದ ಹನಿ ಬಿತ್ತು.

ಎರಡನೆಯ ನೋಟೀಸು ಎಂಟನೆಯ ದಿನ. ಮೂರನೆಯದು ಬರುವ ತನಕ ಅವಳು ಉಳಿಯಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಎಲ್ಲರೂ ಉಣ್ಣಲು ಎದ್ದಾಗ ಅವಳು ಏಳಲಿಲ್ಲ. ಬೆಂಚಿನಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದಳು. ಎರಡು ಕೈಗಳೂ ಮಡಿಲಲ್ಲಿದ್ದವು. ಒಂದು ಚೂರು ಮಣ್ಣು ತಾಗಿರಲಿಲ್ಲ. ಅಕ್ಕ ತನ್ನ ಕೆಸರುಗೈಯನ್ನು ಬಟ್ಟೆಗೆ ಒರೆಸಿಕೊಂಡು, ಸಾಲದೆಂದು ಮತ್ತೆ ತೊಳೆದುಕೊಂಡು, ಆಮೇಲೆ ತಂಗಿಯ ಕೈ ಹಿಡಿದಳು.

ಆಫೀಸಿನಿಂದ ಒಂದು ಕಾಗದ ಕೊಟ್ಟರು. ಕೆಲಸ ಮಾಡಿದ ಅವಧಿ: ಹನ್ನೆರಡು ದಿನ. ಅವಳು ಏನನ್ನೂ ಮುಟ್ಟದ ಹನ್ನೆರಡು ದಿನ.

ಕಪ್ಪನ್ನು ಮಗಳು ತೆಗೆದುಕೊಂಡು ಹೋದಳು. ಈಗ ಗಂಡನ ಮನೆಯಲ್ಲಿ ದಿನಾ ಬೆಳಿಗ್ಗೆ ಅತ್ತೆಯ ಎದುರಿಗೇ ಕೂತು ಅದರಲ್ಲಿ ಚಹಾ ಕುಡಿಯುತ್ತಾಳಂತೆ. ಅತ್ತೆ ಮುಖ ತಿರುಗಿಸುತ್ತಾಳಂತೆ. ಕುಡಿಯುವುದನ್ನು ಇವಳು ಬಿಟ್ಟಿಲ್ಲ. ಗೆದ್ದದ್ದು ಅಂತ ಏನಾದರೂ ಇದ್ದರೆ ಅಷ್ಟೇ.

ತಂಗಿ ಸತ್ತ ನಾಲ್ಕನೆಯ ದಿನ ಅಕ್ಕ ಕೆಲಸಕ್ಕೆ ಹೋದಳು. ಕಿರುಬೆರಳು ಒತ್ತಿದಳು. ಹಸಿರು. "ಹೊಸಬಳು ಸಿಗೋ ತನಕ ಹಿಡಿಕೆ ನೀನೇ ಅಂಟ್ಸು" ಎಂದ ಮೇಸ್ತ್ರಿ. ಅಕ್ಕ ತಂಗಿಯ ಬೆಂಚಿನಲ್ಲಿ ಕೂತಳು. ಮಣ್ಣು ಹೊಸೆದಳು. ಬಗ್ಗಿಸಿದಳು. ಕಪ್ಪಿಗೆ ಕೂರಿಸಿದಳು. ಅವಳು ಬಲಗೈಯವಳು. ಆದರೂ ಎಡಗೈಯ ಹೆಬ್ಬೆಟ್ಟನ್ನು ಹಿಡಿಕೆಯ ಬುಡಕ್ಕಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದಳು. ಒರೆಸಬಾರದು, ಇದೊಂದನ್ನಾದರೂ ಒರೆಸಬಾರದು ಎಂದುಕೊಂಡಳು.

ಮೇಸ್ತ್ರಿ ಹಿಂದೆ ಬಂದು ನಿಂತ. "ಒರೆಸು" ಎಂದ.

ಅಕ್ಕ ಹೆಬ್ಬೆಟ್ಟು ತೆಗೆದಳು. ಮಣ್ಣಿನಲ್ಲಿ ಒಂದು ತಗ್ಗು ಬಿದ್ದಿತ್ತು. ಅದರೊಳಗೆ ಒಂದು ಗೆರೆಯೂ ಇರಲಿಲ್ಲ. ಚಮಚದಿಂದ ಒತ್ತಿದಂತೆ ನುಣ್ಣಗಿತ್ತು. ಅವಳು ಕಪ್ಪನ್ನು ಎತ್ತಿ ಅವನ ಕಣ್ಣಿನ ಹತ್ತಿರ ಹಿಡಿದಳು.

"ಒರೆಸೋಕೆ ಏನಿದೆ ಇದರಲ್ಲಿ? ನೀನೇ ಹುಡುಕಿ ಹೇಳು."